ಕಲಾಯಿ ದಾವೂದರ ಮಗಳು

ತಾಳಗುಂದದ ಕ್ರಾಸಿಗೆ ಇನ್ನೂ ಒಂದು ಮೈಲಿ ಇರುವಾಗಲೇ ನಯನಳ ಕಣ್ಣು ರಸ್ತೆ ಬಿಟ್ಟು ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳಿನ ಮೇಲೆ ಹೋಯಿತು. ನಡುಮಧ್ಯ ಇರಬೇಕಾದ ಮುಳ್ಳು ಮೆಲ್ಲಗೆ ಕೆಂಪು ಗೆರೆಯ ಕಡೆ ಏರುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದದ್ದೇ ತಡ, ಅವಳು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಎಳೆದು ಎಂಜಿನ್ ಆರಿಸಿದಳು.

"ಗಾಡಿ ಮತ್ತೆ ಕಾಯ್ತೇನೇ?" ಹಿಂದಿನ ಸೀಟಿನಿಂದ ವೀರಬಸಪ್ಪ ಕೇಳಿದರು.

"ಹೌದು ಅಜ್ಜ. ಈ ತಿಂಗಳಲ್ಲಿ ಇದು ಮೂರನೇ ಸಲ."

ಗಾಡಿಯಲ್ಲಿದ್ದವರು ವೀರಬಸಪ್ಪ ಮತ್ತು ಲೋಕಮ್ಮ. ಇಬ್ಬರೂ ಸೊರಬದ ಕಡೆಯವರು. ಇಬ್ಬರಿಗೂ ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೆ ಮೂರು ಬೆಳಗು ಶಿಕಾರಿಪುರಕ್ಕೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಿದರೆ ಮಾತ್ರ ಮುಂದಿನ ಎರಡು ದಿನ ಅವರದು. ನಯನ ಡ್ರೈವಿಂಗ್ ಕಲಿತದ್ದೇ ತನ್ನ ತಾಯಿಯನ್ನು ಹೀಗೆ ಕರೆದೊಯ್ಯಲು. ತಾಯಿ ತೀರಿಕೊಂಡ ಮೇಲೆ ಗಾಡಿ ಮಾರಬೇಕೆಂದು ಹೊರಟವಳನ್ನು ಲೋಕಮ್ಮ ಮನೆ ಬಾಗಿಲಿಗೆ ಬಂದು ತಡೆದಿದ್ದರು. "ನೀನು ನಿಲ್ಸಿದ್ರೆ ನಾವೂ ನಿಂತೋಗ್ತೀವಿ ಕಣೇ" ಎಂದಿದ್ದರು. ಅದು ಮೂರು ವರ್ಷದ ಹಿಂದಿನ ಮಾತು. ಏಳು ಸೀಟಿನ ಆ ಹಳೆಯ ಡೀಸೆಲ್ ಗಾಡಿ ಅಂದಿನಿಂದ ಒಂದು ಸರದಿಯನ್ನೂ ತಪ್ಪಿಸಿರಲಿಲ್ಲ.

ಈ ಬೇಸಿಗೆಯಲ್ಲಿ ಅದಕ್ಕೇನಾಯಿತೋ ಗೊತ್ತಾಗುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಥರ್ಮೋಸ್ಟಾಟ್ ಬದಲಿಸಿದರು. ಇನ್ನೊಬ್ಬರು ವಾಟರ್ ಪಂಪನ್ನೇ ಹೊಸದು ಹಾಕಿದರು. ಮತ್ತೊಬ್ಬರು ನೀರು ತಣಿಸುವ ರೇಡಿಯೇಟರ್ ಬಿಚ್ಚಿ ತೊಳೆದುಕೊಟ್ಟರು. ಮೂವರೂ ಗಾಡಿಯನ್ನು ನಿಂತಲ್ಲೇ ಅರ್ಧ ಗಂಟೆ ಓಡಿಸಿ, "ನೋಡ್ರಿ, ಮುಳ್ಳು ಅಲ್ಲಾಡಿಲ್ಲ" ಎಂದು ಕೈ ತೊಳೆದುಕೊಂಡರು. ನಿಜಕ್ಕೂ ಅಲ್ಲಾಡಿರಲಿಲ್ಲ. ಅಲ್ಲಾಡುತ್ತಿದ್ದದ್ದು ಹೀಗೆ ಹೊಲದ ನಡುವೆ, ಯಾರೂ ಇಲ್ಲದ ಕಡೆ.

ಅರ್ಧ ಗಂಟೆ ಕಾದು, ಬಾಟಲಿಯ ನೀರು ಸುರಿದು, ನಯನ ಮೂವತ್ತರ ವೇಗದಲ್ಲಿ ಮುಂದೆ ಹೊರಟಳು. ಆಗ ವೀರಬಸಪ್ಪ, "ಶಿಕಾರಿಪುರದಲ್ಲಿ ಕಲಾಯಿ ದಾವೂದ್ ಸಾಬರ ಮಗಳಿದಾಳಂತೆ. ರೇಡಿಯೇಟರ್ ಕೆಲ್ಸ ಮಾಡ್ತಾಳಂತೆ. ಅಲ್ಲಿಗೆ ಹೋಗು" ಎಂದರು.

"ಹೆಂಗಸಾ?"

"ಗಾಡಿ ಓಡ್ಸೋಳು ನೀನೇ ಹೀಂಗೆ ಕೇಳಿದ್ರೆ ಹೆಂಗೆ? ಅವರಪ್ಪ ನಮ್ಮೂರಿಗೆ ಸೈಕಲ್ ಮೇಲೆ ಬರ್ತಿದ್ದ. ಮಸಿ ಹಿಡಿದ ಹಿತ್ತಾಳೆ ಕೊಳಗನ ಕೆಂಡದ ಮೇಲಿಟ್ಟು, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಬಟ್ಟೇಲಿ ಒಂದು ಸುತ್ತು ತಿರುಗಿಸ್ತಿದ್ದ ನೋಡು, ಒಳಗೆಲ್ಲ ಬೆಳ್ಳಿ! ನಾವು ಹುಡುಗರು ಬಾಯಿ ಬಿಟ್ಕೊಂಡು ನಿಲ್ತಿದ್ವಿ."

ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿ ಹೊರಬಂದಾಗ ನಯನಳ ಕೈಯಲ್ಲಿ ನಾಲ್ಕು ಗಂಟೆ ಇತ್ತು. ಕೇಳಿಕೊಂಡು ಹೋದಳು. ತಗಡಿನ ಶೆಡ್ಡು, ಮುಂದೆ ಸಿಮೆಂಟಿನ ತೊಟ್ಟಿ, ಗೋಡೆಗೆ ಒರಗಿಸಿದ ಟ್ರ್ಯಾಕ್ಟರ್ ರೇಡಿಯೇಟರುಗಳು. ದುಪಟ್ಟಾ ತಲೆಗೆ ಬಿಗಿದು, ಅದರ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟ ಐವತ್ತೈದರ ಹೆಂಗಸೊಬ್ಬಳು ತೊಟ್ಟಿಯ ನೀರಲ್ಲಿ ರೇಡಿಯೇಟರೊಂದನ್ನು ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿದ್ದಳು. ಅವಳೇ ಮಾಜಿದಾ.

ನಯನ ಬಾನೆಟ್ ಎತ್ತಿ, ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳದ ಕಡೆ ಕೈ ಚಾಚಿದಳು. ಮಾಜಿದಾ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

"ಬಿಸಿ ಇದ್ದಾಗ ಅದನ್ನ ಮುಟ್ಟಬ್ಯಾಡವ್ವಾ." ತನ್ನ ಎಡಗೈಯ ಅಂಗಿತೋಳು ಮಡಚಿ ತೋರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಸುಕ್ಕಾಗಿ ಹೊಳೆಯುತ್ತಿತ್ತು. "ಆಗ ಹದಿನೇಳು ವರ್ಷ ನಂಗೆ. ನಮ್ಮ ಅಬ್ಬಾ ಬ್ಯಾಡ ಅಂದ್ರು, ನಾ ಕೇಳಲಿಲ್ಲ. ಆರ್ಲಿ. ಅಲ್ಲೀತನಕ ಮಾತಾಡಾಣ, ಕೂತ್ಕೋ."

ಮಾತು ಎಂದರೆ ಪ್ರಶ್ನೆಗಳು. ಹೊರಗಿಂದ ನೀರು ಸೋರುತ್ತದೆಯೇ? ಹೊಗೆ ಬೆಳ್ಳಗೆ ಬರುತ್ತದೆಯೇ? ಬೆಳಿಗ್ಗೆ ತಣ್ಣಗಿರುವಾಗ ನೀರು ಎಷ್ಟಿತ್ತು, ಸಂಜೆ ಎಷ್ಟಿತ್ತು? ಇಷ್ಟು ದಿನ ಯಾರೂ ಕೇಳದ ಪ್ರಶ್ನೆಗಳಿಗೆ ನಯನ ಒಂದೊಂದಾಗಿ ಉತ್ತರ ಹುಡುಕಿದಳು, ಮೂರು ಗ್ಯಾರೇಜಿನವರ ಕತೆಯನ್ನೂ ಹೇಳಿದಳು. ಮಾಜಿದಾ ಆಯಿಲ್ ಕಡ್ಡಿ ಎಳೆದು ಮೂಸಿ, ಬೆರಳಿಗೆ ಸವರಿ ನೋಡಿದಳು. "ಹಾಲು ಹಾಕಿದ ಚಾದಂಗೆ ಆಗಿಲ್ಲ. ಅಂದ್ರೆ ಒಳಗೆ ನೀರು ಹೋಗಿಲ್ಲ. ನೀನು ಕೂಡ್ಲೇ ಎಂಜಿನ್ ಆರ್ಸಿದ್ದಕ್ಕೆ ಎಂಜಿನ್ನಿನ ಹೆಡ್ಡು ಸೊಟ್ಟಾಗದೆ ಉಳಕಂಡೈತೆ."

ಆಮೇಲೆ ಕೇಳಿದಳು: "ಪ್ಯಾಟಿ ಒಳಗೆ ನಿಂತಾಗ ಕಾಯ್ತೈತೋ, ಬಯಲಾಗೆ ಓಡುವಾಗ ಕಾಯ್ತೈತೋ?"

"ಓಡುವಾಗ್ಲೇ ರೀ. ಅರವತ್ತು ದಾಟಿದ್ರೆ ಮುಳ್ಳು ಏರುತ್ತೆ. ಈಗ ಮೂವತ್ತರಲ್ಲಿ ಬಂದೆ, ಏರಲಿಲ್ಲ."

ಮಾಜಿದಾಳ ಹುಬ್ಬು ಮೇಲೆ ಹೋಯಿತು. "ನಿಂತಾಗ ಕಾದಿದ್ರೆ ಫ್ಯಾನ್ ನೋಡ್ತಿದ್ದೆ. ಓಡುವಾಗ ಗಾಳಿ ತಾನಾಗೇ ಬರ್ತೈತಲ್ಲ. ಹಂಗಾದ್ರೆ ಕಮ್ಮಿ ಆಗಿರೋದು ಗಾಳಿ ಅಲ್ಲ, ನೀರಿನ ಓಟ."

ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೀರು ತುಂಬಿಸಿ ಮತ್ತೆ ಚಾಲೂ ಮಾಡಿಸಿದಳು. ಬಿಸಿ ಏರುತ್ತಿದ್ದಂತೆ ಫ್ಯಾನಿಗೆ ದೂರವಾಗಿ ಅಂಗೈಯನ್ನು ರೇಡಿಯೇಟರಿನ ಮುಖದ ಮೇಲೆ ಇಟ್ಟಳು. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಜ್ವರ ಬಂದ ಮಗುವಿನ ಬೆನ್ನು ಸವರುವ ಹಾಗೆ ಕೈ ಸರಿಯಿತು. ಮಾಜಿದಾ ಕಣ್ಣು ಮುಚ್ಚಿದ್ದಳು. ನಯನಳಿಗೆ ಉಸಿರಾಡಲೂ ಸಂಕೋಚವಾಯಿತು.

"ಎಲ್ಲೂ ತಣ್ಣಗಿಲ್ಲ. ಕಟ್ಟಿಕೊಂಡಿಲ್ಲ. ರೇಡಿಯೇಟರ್ ತಪ್ಪಿಲ್ಲ ಇದರಾಗೆ." ಮಾಜಿದಾ ಕಣ್ಣು ತೆರೆದಳು. "ಈಗ ಸೀಟಿನಾಗೆ ಕೂತು ರೇಸ್ ಕೊಡು. ನಿಧಾನಕ್ಕಲ್ಲ. ಬಯಲಾಗೆ ಓಡಿಸ್ತೀಯಲ್ಲ, ಹಂಗೆ. ಹಿಡಕಂಡಿರು."

ನಯನ ತುಳಿದಳು. ಶೆಡ್ಡಿನ ತಗಡು ಗಡಗಡಿಸಿತು. ಕೆಲವು ಕ್ಷಣದಲ್ಲೇ ಮಾಜಿದಾ ಬಗ್ಗಿದಲ್ಲಿಂದಲೇ ಕೈ ಎತ್ತಿ ಕೂಗಿದಳು, "ಬಾ, ಬಾ! ಓಡಿ ಬಂದು ನೋಡು! ಆರಿಫ್, ನೀ ಕೂತು ತುಳಿ!"

ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಮಾಜಿದಾಳ ತಮ್ಮ ಆರಿಫ್ ಬಂದು ಸೀಟಿಗೆ ಕೂತ. ನಯನ ಬಗ್ಗಿ ನೋಡಿದಳು. ರೇಡಿಯೇಟರಿನ ಬುಡದಿಂದ ಎಂಜಿನ್ನಿಗೆ ಹೋಗುವ ತೋಳುಗಾತ್ರದ ಕಪ್ಪು ರಬ್ಬರ್ ಕೊಳವೆ ಅಲ್ಲಿತ್ತು. ನಿಂತ ಗಾಡಿಯಲ್ಲಿ ಅದು ದುಂಡಗೆ, ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಆರಿಫ್ ತುಳಿದ. ಎಂಜಿನ್ನಿನ ಸದ್ದು ಏರಿತು. ನಯನಳ ಕಣ್ಣೆದುರೇ ಆ ದುಂಡು ಕೊಳವೆಯ ನಡು ಒಳಕ್ಕೆ ಸೇದಿಕೊಂಡು, ಸೊರಗಿ, ಚಪ್ಪಟೆಯಾಯಿತು. ಯಾರೂ ಮುಟ್ಟಿರಲಿಲ್ಲ. ಆರಿಫ್ ಕಾಲು ತೆಗೆದ. ಕೊಳವೆ ಏನೂ ಆಗಿಲ್ಲವೆಂಬಂತೆ ಮತ್ತೆ ದುಂಡಗಾಯಿತು.

ನಯನ ಇನ್ನೂ ಹತ್ತಿರಕ್ಕೆ ಬಗ್ಗಿದಳು. "ಇನ್ನೊಂದ್ಸಲ" ಎಂದಳು, ಚಿಕ್ಕ ಮಕ್ಕಳ ಹಾಗೆ. ಆರಿಫ್ ಮತ್ತೆ ತುಳಿದ. ಮತ್ತೆ ಅದೇ ಆಯಿತು.

"ಪಂಪು ಜೋರಾಗಿ ಎಳೆದಾಗ ಗಂಟಲು ಮುಚ್ಚಿಕೊಳ್ತೈತೆ" ಎಂದಳು ಮಾಜಿದಾ. "ಎಷ್ಟು ಜೋರಾಗಿ ಓಡಿಸ್ತೀಯೋ ಅಷ್ಟು ಬಾಯಾರಿಕೆ, ಅಷ್ಟೇ ನೀರು ಕಮ್ಮಿ. ನಿಂತ್ಕಂಡು ನೋಡಿದ್ರೆ ಯಾರಿಗೆ ತಿಳೀತೈತೆ? ಆ ಗ್ಯಾರೇಜಿನವರೂ ಸುಳ್ಳು ಹೇಳಿಲ್ಲ ಬಿಡು."

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕೊಳವೆ ಬಿಚ್ಚಿ ಉದ್ದಕ್ಕೆ ಸೀಳಿದಳು. ರಬ್ಬರಿನ ಒಳಮೈ ನೆನೆದ ಚರ್ಮದಂತೆ ಮೆತ್ತಗಾಗಿತ್ತು. ಅದನ್ನು ದುಂಡಗೆ ಹಿಡಿಯಬೇಕಿದ್ದ ತಂತಿಯ ಸುರುಳಿ ತುಕ್ಕು ತಿಂದು, ಮುಟ್ಟಿದರೆ ಪುಡಿಯಾಗುವ ನಾಲ್ಕು ತುಂಡಾಗಿ ಕೂತಿತ್ತು.

"ಯಾವ ನೀರು ಹಾಕ್ತಿದ್ದೆ?"

"ನಮ್ಮ ಬೋರ್ ನೀರೇ."

"ಅದೇ ನೋಡು. ಬೋರ್ ನೀರು ಒಳಗೆ ಸುಣ್ಣ ಕಟ್ಟತೈತೆ, ಕಬ್ಬಿಣ ತಿಂತೈತೆ. ತುಕ್ಕು ತಡೆಯೋ ಕೂಲೆಂಟ್ ಹಾಕ್ಬೇಕು. ಎರಡು ವರ್ಷಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದು ಹಾಕ್ಬೇಕು. ಬೆಳಿಗ್ಗೆ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಗೆರೆ ನೋಡ್ಬೇಕು. ಮೆಕ್ಕೆಜೋಳದ ರವದಿ, ಹೊಟ್ಟು ಹಾರೋ ಕಾಲದಾಗೆ ಮುಂದಿನ ಜಾಲರಿಗೆ ಮೆತ್ತಗೆ ನೀರು ಬಿಟ್ಟು ತೊಳೀಬೇಕು. ಅಷ್ಟೇ ಅದು ಕೇಳೋದು."

ಹೊಸ ಕೊಳವೆ ಬಂತು. ಒಳಗೆಲ್ಲ ಶುದ್ಧ ನೀರು ಹರಿಸಿ, ಕೆಂಪು ನೀರು ತಿಳಿಯಾಗುವ ತನಕ ತೊಳೆದು, ಹಸಿರು ಕೂಲೆಂಟ್ ತುಂಬಿಸಿದಳು. ತಣ್ಣನೆಯ ಎಂಜಿನ್ನನ್ನು ಮುಚ್ಚಳ ಹಾಕದೆ ಮೆಲ್ಲಗೆ ಓಡಲು ಬಿಟ್ಟಳು. ಒಳಗೆ ಸಿಕ್ಕಿಕೊಂಡ ಗಾಳಿ ಒಂದೊಂದೇ ಗುಳ್ಳೆಯಾಗಿ ಮೇಲೆ ಬರತೊಡಗಿತು. ಗುಳ್ಳೆ ನಿಲ್ಲುವವರೆಗೂ ಮಾಜಿದಾ ಎದುರಿಗೆ ಸ್ಟೂಲ್ ಹಾಕಿ ಕೂತಳು. ಆಗಲೇ ಅವಳು ತನ್ನ ಕತೆ ಹೇಳಿದ್ದು.

ಊರೂರಿಗೆ ಸ್ಟೀಲ್ ಪಾತ್ರೆ ಬಂದ ಮೇಲೆ ದಾವೂದರ ಕಲಾಯಿ ಒಲೆ ಆರಿತ್ತು. ಅವರು ಅದೇ ತವರ, ಅದೇ ಕೆಂಡ ಇಟ್ಟುಕೊಂಡು ಲಾರಿ ಟ್ರ್ಯಾಕ್ಟರುಗಳ ಹಿತ್ತಾಳೆ ರೇಡಿಯೇಟರಿಗೆ ಬೆಸುಗೆ ಹಾಕತೊಡಗಿದರು. ತಿದಿ ಒತ್ತುತ್ತಿದ್ದವಳು ಮಗಳು. ಅಪ್ಪನ ಕೈಗೆ ನಡುಕ ಬಂದ ವರ್ಷ, ತೊಗರ್ಸಿಯಿಂದ ಬಂದ ಲಾರಿ ರೇಡಿಯೇಟರೊಂದರ ಬೆಸುಗೆ ಮೂರು ಸಲ ಬಿಟ್ಟುಹೋಯಿತು. ನಾಲ್ಕನೇ ಸಲ ದಾವೂದ್ ಕಾದ ಬೆಸುಗೆ ಕಡ್ಡಿಯನ್ನು ಮಗಳ ಕೈಗೆ ದಾಟಿಸಿದರು. ಬೆಸುಗೆ ಕೂತಿತು. ಲಾರಿಯವನು, "ಹೆಣ್ಮಗಳು ಹಾಕಿದ್ದಾ?" ಎಂದು ಅನುಮಾನಿಸಿದಾಗ, ಮುದುಕ ರೇಡಿಯೇಟರನ್ನು ತೊಟ್ಟಿಗೆ ಮುಳುಗಿಸಿ, "ಒಂದು ಗುಳ್ಳೆ ತೋರ್ಸು, ಮುಂದಿಂದು ಮಾತಾಡಾಣ" ಎಂದಿದ್ದರಂತೆ. ಲಾರಿಯವನು ಬಹಳ ಹೊತ್ತು ನೀರನ್ನೇ ನೋಡುತ್ತಾ ನಿಂತಿದ್ದನಂತೆ.

"ಈಗ ಅಲ್ಯೂಮಿನಿಯಂ, ಪ್ಲಾಸ್ಟಿಕ್ಕು ಬಂದಾವೆ. ಬೆಸುಗೆ ಹತ್ತಲ್ಲ. ಆದ್ರೂ ಕಾಯೋದು ಬಿಟ್ಟಿಲ್ಲವಲ್ಲ ಎಂಜಿನ್ನು, ಅದಕ್ಕೇ ಜನ ಬರ್ತಾರೆ." ಮಾಜಿದಾ ಎಂಜಿನ್ನಿನ ಮೇಲೆ ಕೈ ಬೀಸಿದಳು. "ಇಷ್ಟು ವರ್ಷ ಆತು, ನಂಗಿನ್ನೂ ಸೋಜಿಗ. ಒಳಗೆ ಉರೀತಿರೋದು ಬೆಂಕಿ. ಬಿಟ್ರೆ ಕಬ್ಬಿಣಾನೇ ಸೊಟ್ಟ ಮಾಡ್ತೈತೆ. ಅದನ್ನ ಹಿಡಿದಿಟ್ಟಿರೋದು ಏನು? ಒಂದು ಕೊಡ ನೀರು. ಸುತ್ತಿ ಸುತ್ತಿ ಬರೋ ಒಂದು ಕೊಡ ನೀರು."

ನಯನ ಬಾನೆಟ್ಟಿನೊಳಕ್ಕೆ ಬಗ್ಗಿ ನೋಡಿದಳು. ಸೊರಬದಿಂದ ಶಿಕಾರಿಪುರಕ್ಕೆ ಎಷ್ಟು ನೂರು ಸಲ ಬಂದಿದ್ದಳೋ! ಅಷ್ಟೂ ಸಲ ಕಾಲಿನ ಮುಂದೆ, ಒಂದು ತಗಡಿನ ಆಚೆ, ಬೆಂಕಿಯೂ ನೀರೂ ಜೊತೆಜೊತೆಗೆ ಓಡಿ ಬಂದಿದ್ದವು. ಅವಳಿಗೆ ಅದು ಗೊತ್ತೇ ಇರಲಿಲ್ಲ.

ಮಧ್ಯಾಹ್ನ ಮಾಜಿದಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿರಾಳಕೊಪ್ಪದ ರಸ್ತೆಯಲ್ಲಿ ಎಪ್ಪತ್ತರ ವೇಗದಲ್ಲಿ ಓಡಿಸಿದಳು. ಹೊರಗೆ ಬಿಸಿಲು ಧಗಧಗ. ಮುಳ್ಳು ನಡುವಿಗೆ ಬಂದು ನಿಂತದ್ದು ಅಲ್ಲೇ ನಿಂತಿತು. ವಾಪಸ್ ಬಂದು ಆಸ್ಪತ್ರೆಯಿಂದ ಇಬ್ಬರನ್ನೂ ಹತ್ತಿಸಿಕೊಂಡಾಗ ಲೋಕಮ್ಮ ಕೇಳಿದ್ದು ಒಂದೇ: "ನಾಳಿದ್ದಿಗೆ ಬರ್ತೀವಲ್ವೇನೇ?"

"ಬರ್ತೀವಿ" ಎಂದಳು ನಯನ.

ಆ ಬೇಸಿಗೆ ಕಳೆಯಿತು, ಮಳೆಗಾಲವೂ ಮುಗಿಯಿತು. ಗಾಡಿ ದಾರಿಯಲ್ಲಿ ಮತ್ತೆ ನಿಲ್ಲಲಿಲ್ಲ. ಇಬ್ಬರೂ ಯಂತ್ರದ ಪಕ್ಕ ಮಲಗಿರುವ ಹೊತ್ತು ನಯನ ಮಾಜಿದಾಳ ಶೆಡ್ಡಿಗೆ ಹೋಗುವುದು ರೂಢಿಯಾಯಿತು. ಮೊದಮೊದಲು ನೋಡುತ್ತಿದ್ದಳು, ಆಮೇಲೆ ಕೈ ಹಾಕತೊಡಗಿದಳು. ಅಂಬ್ಲಿಗೊಳದ ಕಡೆಯ ಟ್ರ್ಯಾಕ್ಟರಿನದೊಂದು ಹಳೆಯ ಹಿತ್ತಾಳೆ ರೇಡಿಯೇಟರ್ ಬಂದಾಗ ಮಾಜಿದಾ ಅದರ ಮೇಲಿನ, ಕೆಳಗಿನ ನೀರಿನ ಡಬ್ಬಗಳೆರಡನ್ನೂ ಕಾಯಿಸಿ ಬಿಡಿಸಿ, ನಡುವೆ ಉಳಿದ ಸಣ್ಣ ಕೊಳವೆಗಳ ಸಾಲನ್ನು ನಯನಳ ಕೈಗಿತ್ತಳು.

"ಬಿಸಿಲಿಗೆ ಹಿಡಿದು ಒಳಗೆ ನೋಡು."

ನಯನ ಎತ್ತಿ ಹಿಡಿದಳು. ಸಾಲುಸಾಲು ಸಣ್ಣ ಸೀಳುಗಳು. ಕೆಲವು ಬೆಳಗುತ್ತಿದ್ದವು, ಹೆಚ್ಚಿನವು ಕತ್ತಲೆ. ಮಾಜಿದಾ ಕೊಟ್ಟ ತೆಳ್ಳನೆಯ ತಗಡಿನ ಸಲಾಕೆಯನ್ನು ಕಪ್ಪಾದ ಒಂದೊಂದು ಸೀಳಿಗೂ ಇಳಿಸಿ, ಸುಣ್ಣವನ್ನು ಕೆರೆದು ಕೆಡವುತ್ತಾ ಹೋದಳು. ಎರಡು ಗಂಟೆ ಹಿಡಿಯಿತು. ಬೆನ್ನು ನೋಯುತ್ತಿತ್ತು, ಬೆರಳು ಉರಿಯುತ್ತಿತ್ತು. ಕಡೆಯ ಸೀಳನ್ನೂ ಮುಗಿಸಿ, ಅದನ್ನು ಮತ್ತೆ ಸೂರ್ಯನಿಗೆ ಎದುರಾಗಿ ಹಿಡಿದಾಗ, ನೂರಾರು ಕಂಡಿಗಳಲ್ಲಿ ಒಟ್ಟಿಗೇ ಬೆಳಕು ಬಂತು.

"ಮಾಜಿದಮ್ಮಾ" ಎಂದು ಕರೆದಳು. ಹಿಡಿದದ್ದನ್ನು ಇಳಿಸದೆ ಹಾಗೇ ನಿಂತಳು.

"ಹೂಂ" ಎಂದಳು ಮಾಜಿದಾ, ಕೆಂಡ ಊದುತ್ತಾ. "ಅಬ್ಬಾ ನಂಗೆ ತೋರ್ಸಿದಾಗ ನಾನೂ ಹಂಗೇ ನಿಂತಿದ್ದೆ."