ನೀರಿಗೋ ಎಣ್ಣೆಗೋ ಎಂದು ಕೇಳುತ್ತಿದ್ದವರು

ಕಳೆದ ವಾರ ಯಾದಗಿರಿಯ ನಮ್ಮ ಗೋದಾಮಿಗೆ ಹೊಸ ಪಂಪು ಬಂತು. ಪೆಟ್ಟಿಗೆ ಬಿಚ್ಚುತ್ತಲೇ ಗ್ರೀಸು, ಹೊಸ ರಬ್ಬರು, ಹಸಿ ಹಲಗೆ ಮೂರೂ ಕಲೆತ ವಾಸನೆ ಮುಖಕ್ಕೆ ಬಡಿಯಿತು. ಕೆಲಸದವರು ಪಂಪನ್ನು ಎತ್ತಿಕೊಂಡು ಹೋದರು. ನಾನು ಮಾತ್ರ ಖಾಲಿ ಪೆಟ್ಟಿಗೆಯ ಮುಂದೆ ಹಾಗೇ ಕೂತುಬಿಟ್ಟೆ... ಸುರಪುರದ ಆ ಅಂಗಡಿಯ ಹೊಸ್ತಿಲು ದಾಟಿದರೆ ಇದೇ ವಾಸನೆ ಬರುತ್ತಿತ್ತು.

ಆಗ ನಾನು ಕಾಲುವೆ ಕೆಲಸದ ಗುತ್ತಿಗೆದಾರರೊಬ್ಬರ ಕ್ಯಾಂಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಸುರಪುರದಿಂದ ನಾರಾಯಣಪುರದ ಕಡೆ ಹೋಗುವ ಹಾದಿಯಲ್ಲಿ, ಕರಿನೆಲದ ನಡುವೆ, ತಗಡಿನ ಕೋಣೆಗಳ ಒಂದು ಸಾಲು. ಅವ್ವ ತೀರಿಕೊಂಡ ಮೇಲೆ ಯಾದಗಿರಿಯಲ್ಲಿ ನನಗೆ ಮನೆ ಅಂತ ಉಳಿದಿರಲಿಲ್ಲ. ಭಾನುವಾರ ಎಲ್ಲರೂ ತಮ್ಮ ತಮ್ಮ ಊರಿಗೆ ಹೋದರೆ ಕ್ಯಾಂಪಿನಲ್ಲಿ ನಾನು, ಕಾವಲಿನ ಮುದುಕ ಮತ್ತು ಸಾಲಾಗಿ ನಿಂತ ಟಿಪ್ಪರುಗಳು. ಮುದುಕನಿಗೆ ಕಿವಿ ಕೇಳುತ್ತಿರಲಿಲ್ಲ.

ಅಷ್ಟು ಗಾಡಿಗಳಿಗೆ ಬ್ಯಾರಲ್ಲಿನಿಂದ ಡೀಸೆಲ್ ಹೊಯ್ದು ಪೂರೈಸುತ್ತಿರಲಿಲ್ಲ. ಪರವಾನಗಿ ಪಡೆದು ನೆಲದಡಿ ದೊಡ್ಡ ಟ್ಯಾಂಕ್ ಹೂಳಿಸಿದ್ದಾಯಿತು. ಅದರಿಂದ ಡೀಸೆಲ್ ಮೇಲೆತ್ತಿ ಗಾಡಿಗಳಿಗೆ ತುಂಬಿಸಲು ಒಂದು ಪಂಪು ಬೇಕಿತ್ತು. ಸುರಪುರದಲ್ಲಿ ಯಾವುದಾದರೂ ನೀರಿನ ಮೋಟರು ಸಿಕ್ಕರೆ ತಂದು ಕೂರಿಸು, ಕೆಲಸ ನಿಲ್ಲಬಾರದು ಎಂದು ಮ್ಯಾನೇಜರು ನನ್ನನ್ನು ಕಳಿಸಿದರು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪಂಪಿನಂಗಡಿ ಇತ್ತು. ಗಲ್ಲಾದಲ್ಲಿ ಹಣೆತುಂಬ ವಿಭೂತಿ ಹಚ್ಚಿಕೊಂಡ, ನನಗಿಂತ ಹತ್ತೆಂಟು ವರ್ಷ ದೊಡ್ಡವರಾದ ಹೆಂಗಸೊಬ್ಬರು ಕೂತಿದ್ದರು. ನಾನು ಮೋಟರು ತೋರಿಸಿ ಎಂದೆ. ಅವರು ಎದ್ದೇಳಲಿಲ್ಲ.

"ನೀರಿಗೇನ್ರಿ, ಎಣ್ಣಿಗೇನ್ರಿ?"

ಡೀಸೆಲ್‌ಗೆ ಎಂದೆ. ಹಾಗಾದರೆ ನೀರಿನ ಮೋಟರು ಕೊಡುವುದಿಲ್ಲ ಎಂದರು. ದಾಕ್ಷಿಣ್ಯವೂ ಇಲ್ಲ, ಸಿಟ್ಟೂ ಇಲ್ಲ. ಅಂಗಡಿ ಬಾಗಿಲು ಹಾಕಿದೆ ಎನ್ನುವಷ್ಟು ಸಹಜವಾಗಿ ಹೇಳಿದರು. ಎದುರಿಗೇ ಇನ್ನೊಂದು ಅಂಗಡಿಯಿತ್ತು, ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೂ ನಾನು ಹೋಗಲಿಲ್ಲ. ಯಾಕೆಂದು ಈಗ ಹೇಳಲಾರೆ... ಬಹುಶಃ ಬಹಳ ದಿನಗಳ ಮೇಲೆ ಒಬ್ಬರು ನನ್ನ ಕೆಲಸದ ಬಗ್ಗೆ ನನ್ನನ್ನೇ ಕೇಳಿದ್ದರು, ಅದಕ್ಕೇ ಇರಬೇಕು.

ಅವರು ಕುರ್ಚಿ ತೋರಿಸಿದರು. ಟ್ಯಾಂಕಿನ ತಳ ನೆಲದಿಂದ ಎಷ್ಟು ಕೆಳಗಿದೆ, ಪೈಪು ಎಷ್ಟು ಉದ್ದ, ಎಲ್ಲಿ ತಿರುಗುತ್ತದೆ, ಒಂದು ಗಾಡಿ ತುಂಬಲು ಎಷ್ಟು ಹೊತ್ತು ಕಾಯಬಹುದು ಎಂದೆಲ್ಲ ಕೇಳಿದರು. ಬೇಗ ತುಂಬಬೇಕೆಂದು ನನಗೆ ಫ್ಯಾನು ತಿರುಗಿಸಿ ನೂಕುವ ಪಂಪಿನ ಮೇಲೆ ಮನಸ್ಸಿತ್ತು. ಪೈಪಿನಲ್ಲಿ ಗಾಳಿ ಹೊಕ್ಕರೆ ಅದು ಆಳದಿಂದ ಎಳೆಯುವುದಿಲ್ಲ, ಹಲ್ಲಿನ ಚಕ್ರಗಳಿರುವ ಗೇರ್ ಪಂಪೇ ಒಳ್ಳೆಯದು ಎಂಬುದು ಅವರ ಮಾತು. ನಮ್ಮ ಕ್ಯಾಂಪಿನ ದೂಳು ಅವರಿಗೆ ಗೊತ್ತಿರಲಿಲ್ಲ. ಒಂದು ಚಿಟಿಕೆ ಮರಳು ಹೋದರೂ ಆ ಹಲ್ಲುಗಳು ಸವೆಯುತ್ತವೆ, ಮುಂದೆ ಜಾಲರಿ ಬೇಕೇ ಬೇಕು ಎಂದು ನಾನು ಹೇಳಿದೆ. ಹೌದಲ್ಲ ಎಂದು ಒಪ್ಪಿಕೊಂಡರು. ಕಿಡಿ ಹೊರಗೆ ಬಾರದಂತೆ ಮುಚ್ಚಿದ ಮೋಟರು, ಡೀಸೆಲ್‌ಗೆ ಉಬ್ಬದ ಸೀಲು, ನೆಲಕ್ಕೆ ಇಳಿಸುವ ಅರ್ಥಿಂಗ್ ತಂತಿ... ಇಬ್ಬರೂ ಕೂಡಿ ಆರಿಸುವಷ್ಟರಲ್ಲಿ ಚಹಾ ಎರಡು ಸಲ ಬಂದಿತ್ತು. ಆ ಪಂಪು ಹೈದರಾಬಾದಿನಿಂದ ಬರಬೇಕಿತ್ತು. ತಡವಾದದ್ದಕ್ಕೆ ಮ್ಯಾನೇಜರು ಕೂಗಾಡಿದರು, ನಾನು ಕೇಳಿಸಿಕೊಂಡೆ.

ಆಮೇಲೆ ಭಾನುವಾರಗಳಲ್ಲಿ ಸುರಪುರಕ್ಕೆ ಹೋಗುವುದು ರೂಢಿಯಾಯಿತು. ಒಂದು ಸಲ ಜಾಲರಿ, ಒಂದು ಸಲ ನಟ್ಟು, ಒಂದು ಸಲ ವಾಷರು. ನನಗೆ ಅಷ್ಟು ವಾಷರು ಬೇಕಿಲ್ಲವೆಂದು ಅವರಿಗೂ ಗೊತ್ತಿತ್ತು. ಕಟ್ಟಿಕೊಟ್ಟು, ಕೂಡು ಅನ್ನುವಂತೆ ಕುರ್ಚಿಯ ಕಡೆ ನೋಡುತ್ತಿದ್ದರು. ನಾನು ಅಕ್ಕಾರ ಎನ್ನುತ್ತಿದ್ದೆ. ಅವರು ಮೊದಮೊದಲು ಸಾಹೇಬ್ರ ಎನ್ನುತ್ತಿದ್ದವರು ಯಾವಾಗಲೋ ತಮ್ಮಾ ಎನ್ನತೊಡಗಿದರು. ಗಂಡ ಸುಟ್ಟುಕೊಂಡು ಸತ್ತರೆಂದು ಓಣಿಯವರಿಂದ ಕೇಳಿದ್ದೆ. ಅವರಾಗಿ ಆ ಮಾತು ತೆಗೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಬಂದ ಗಿರಾಕಿಗಳು ಪ್ರಶ್ನೆ ಕೇಳಿ ಬೇಸತ್ತು ಎದುರಂಗಡಿಗೆ ಹೋಗುತ್ತಿದ್ದರು. ಅಂಗಡಿ ಹೀಗೆ ನಡೆಯುವುದಿಲ್ಲವೆಂದು, ಆಗಾಗ ಗಲ್ಲಾ ನೋಡಿಕೊಳ್ಳುತ್ತಿದ್ದ ಅವರ ಮೈದುನ ಗೊಣಗುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಎಷ್ಟೋ ಭಾನುವಾರ ಆ ಅಂಗಡಿಯಲ್ಲಿ ನಾವಿಬ್ಬರೇ ಇರುತ್ತಿದ್ದೆವು, ಹೆಚ್ಚು ಮಾತೂ ಇರುತ್ತಿರಲಿಲ್ಲ.

ಒಂದು ದಿನ ಕ್ಯಾಂಪಿನ ಜೀಪಿನಲ್ಲಿ ಹೋಗಿದ್ದೆ. ಅವರು ಆಗತಾನೇ ಮಠದಿಂದ ಬಂದಿದ್ದರು. ತಾನು ಒಂದು ನೀರಿನ ಮೋಟರು ಮಾರಿದೆನೆಂದು ಮೈದುನ ಖುಷಿಯಿಂದ ಹೇಳಿದ. ಯಾರಿಗೆಂದು ಕೇಳಿದರು. ಕೆಂಭಾವಿಯ ಒಬ್ಬ, ಭತ್ತ ಕೊಯ್ಯುವ ಮಷಿನ್ ಇಟ್ಟುಕೊಂಡವನು. ಹೊಲಕ್ಕೆ ಎಂದು ಹೇಳಿ ಒಯ್ದನಂತೆ. ಅವನಿಗೆ ಹೊಲವೆಲ್ಲಿದೆ, ಮಷಿನ್ನಿಗೆ ಎಣ್ಣೆ ತುಂಬಲು ಒಯ್ದಿರಬೇಕು ಎಂದರು ಅಕ್ಕ.

ಅವರು ಕಪಾಟಿನಿಂದ ಬ್ಯಾರಲ್ಲಿಗೆ ಹಾಕಿ ಕೈಯಿಂದ ತಿರುಗಿಸುವ ಪಂಪೊಂದನ್ನು ಇಳಿಸಿ, ಸೆರಗಿನಿಂದ ಒರೆಸಿ, ನನ್ನ ಕಡೆ ನೋಡಿದರು. ನಾನು ಜೀಪು ತೆಗೆದೆ. ದಾರಿಯುದ್ದಕ್ಕೂ ಆ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಕೆಂಭಾವಿಯಲ್ಲಿ ಮನೆ ಕೇಳಿಕೊಂಡು ಹೋದೆವು. ತಗಡಿನ ಶೆಡ್ಡಿನಲ್ಲಿ ಮೂರ್ನಾಲ್ಕು ಬ್ಯಾರಲ್ಲು. ಪಕ್ಕದಲ್ಲೇ, ತಡಿಕೆಯ ಆಚೆ, ಅವನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮೋಟರು ಬ್ಯಾರಲ್ಲಿಗೆ ಪೈಪು ಇಳಿಬಿಟ್ಟುಕೊಂಡು ಗುಂಯ್‌ಗುಡುತ್ತಿತ್ತು. ಅದರ ಕೆಳಗಿನ ನೆಲ ಆಗಲೇ ಒದ್ದೆಯಾಗಿತ್ತು.

ಮೋಟರು ವಾಪಸ್ಸು ಕೊಡಿ, ಬದಲಿಗೆ ಇದನ್ನಿಟ್ಟುಕೊಳ್ಳಿ ಎಂದು ಅಕ್ಕ ಹೇಳಿದರು. ಅವನು ನಕ್ಕ. ಮಾರಿದ ಮೇಲೆ ಅದು ತನ್ನದು, ಏನಾದರೂ ಮಾಡಿಕೊಳ್ಳುತ್ತೇನೆ ಎಂದ. ಕೈಯಿಂದ ತಿರುಗಿಸುತ್ತ ಕೂತರೆ ರಟ್ಟೆ ಬಿದ್ದುಹೋಗುತ್ತವೆ ಎಂದ.

"ಕೈ ನೋಯ್ತಾವ ಖರೆ," ಎಂದರು ಅಕ್ಕ. "ಸುಡಂಗಿಲ್ಲ."

ಅವನು ದನಿ ಏರಿಸಿದ. ಹೆಂಗಸು ಮನೆ ಬಾಗಿಲಿಗೆ ಬಂದು ಜಗಳ ತೆಗೆಯುವುದೇನು ಎಂದು ಇನ್ನೂ ಏನೇನೋ ಅಂದ. ನಾನು ಮುಂದೆ ಹೋಗುವವನಿದ್ದೆ. ಅಕ್ಕ ನನ್ನನ್ನೂ ದಾಟಿ, ಅವನನ್ನೂ ದಾಟಿ, ತಡಿಕೆಯ ಹತ್ತಿರ ಹೋಗಿ ರೊಟ್ಟಿ ಬಡಿಯುವವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ತಂಗಿ, ನಮ್ಮನಿಯವರೂ ನೀರಿನ ಮೋಟರಽ ಹಚ್ಚಿದ್ರು. ಜನರೇಟರ್‌ಗೆ ಎಣ್ಣಿ ತುಂಬಾಕ. ಒಂದಽ ದಿನದ ಕೆಲಸ ಅಂದ್ರು. ಸೀಲ್ ಒಡದು, ಕಾದ ಸೈಲೆನ್ಸರ್ ಮ್ಯಾಲ ಎಣ್ಣಿ ಸಿಡೀತು. ನಾ ಚಹಾ ತಗೊಂಡು ಹೊಂಟಿದ್ದೆ. ಬಾಗಿಲತನಾನೂ ಹೋಗಾಕ ಆಗಲಿಲ್ಲ."

ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಲಿಲ್ಲ. ಆ ಹೆಂಗಸು ಹಿಟ್ಟಿನ ಕೈಯಲ್ಲೇ ಎದ್ದಳು. ಗಂಡನ ಮುಖವನ್ನೂ ನೋಡಲಿಲ್ಲ. ಶೆಡ್ಡಿನೊಳಗೆ ಹೋಗಿ ಸ್ವಿಚ್ಚು ಆರಿಸಿ, ವೈರು ಕಿತ್ತು, ಮೋಟರನ್ನು ಎರಡೂ ಕೈಯಿಂದ ಎಳೆದು ತಂದು ಅಂಗಳದಲ್ಲಿಟ್ಟಳು. ಅದರ ಮೈಮೇಲೆಲ್ಲ ಜೋಳದ ಹಿಟ್ಟು ಮೆತ್ತಿತ್ತು. ಅವನು ಕೈಪಂಪನ್ನು ತೆಗೆದುಕೊಂಡ. ನಾವು ಹೊರಡುವಾಗ ಆಕೆ ಅಕ್ಕನ ಕೈಗೆ ಬಿಸಿ ರೊಟ್ಟಿ ಎರಡು ಕೊಟ್ಟಳು.

ಬರುವಾಗ, ಗದ್ದೆಗಳು ಮುಗಿದು ಬಯಲು ಬಂದ ಮೇಲೆ ಅಕ್ಕ, "ಇಷ್ಟು ವರ್ಷಾತು, ಇದನ್ನ ಬಾಯಿ ಬಿಟ್ಟು ಇವತ್ತಽ ಹೇಳೀನಿ ತಮ್ಮಾ," ಎಂದರು. "ಮನ್ಯಾಗ ಯಾರಿಗೆ ಹೇಳ್ಲಿ? ನಾಕು ಗ್ವಾಡಿಗೆ?"

ನಾನು ಗಾಡಿ ನಿಧಾನ ಮಾಡಿದೆ. ಸುರಪುರ ಬೇಗ ಬರುವುದು ಇಬ್ಬರಿಗೂ ಬೇಕಿರಲಿಲ್ಲ ಅನಿಸುತ್ತದೆ. ಒಂದು ರೊಟ್ಟಿ ನನಗೆ ಕೊಟ್ಟು ಒಂದನ್ನು ಅವರು ತಿಂದರು.

ಮರುವರ್ಷ ಕಾಲುವೆ ಕೆಲಸ ಮುಗಿದು ಕ್ಯಾಂಪು ಬೇರೆ ಜಿಲ್ಲೆಗೆ ಹೋಯಿತು, ನಾನೂ ಹೋದೆ. ಕೆಲವು ತಿಂಗಳು ಫೋನಿನಲ್ಲಿ ಮಾತಾಡುತ್ತಿದ್ದೆವು. ಪಂಪು ಹೇಗಿದೆ, ಊಟ ಆಯಿತೇ... ಅದರಾಚೆಗೆ ಇಬ್ಬರಿಗೂ ಮಾತು ಬರುತ್ತಿರಲಿಲ್ಲ. ಹಬ್ಬಕ್ಕೊಂದು ಫೋನು ಎಂದಾಯಿತು. ಆಮೇಲೆ ಅದೂ ಇಲ್ಲ... ಮತ್ತೆ ಯಾದಗಿರಿಗೆ ಬಂದು ನೆಲೆಸಿದ ಮೇಲೂ ಇಂದು ಹೋಗೋಣ, ನಾಳೆ ಹೋಗೋಣ ಎಂದೇ ಕಳೆಯಿತು.

ಮೊನ್ನೆ ಭಾನುವಾರ ಶಹಾಪುರದ ಮೇಲೆ ಹೋಗುವ ಬಸ್ಸು ಹಿಡಿದು ಸುರಪುರಕ್ಕೆ ಹೋದೆ. ಅಂಗಡಿಯಲ್ಲಿ ಈಗ ಮೈದುನ ಸಿಮೆಂಟು ಮಾರುತ್ತಾನೆ. ಕೂದಲು ಪೂರ್ತಿ ಬಿಳಿಯಾಗಿದೆ. ನನ್ನ ಗುರುತು ಹತ್ತಲು ಅವನಿಗೆ ತುಸು ಹೊತ್ತು ಬೇಕಾಯಿತು. ನಿಮ್ಮ ಅತ್ತಿಗೆ ಎಲ್ಲಿ ಎಂದು ಕೇಳಿದೆ.

"ವೈನಿ ಹೋಗಿ ಭಾಳ ದಿನಾತಲ್ರಿ," ಎಂದ. ಎರಡು ದಿನದ ಜ್ವರ, ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತಂತೆ. ಯಾರಿಗೆಲ್ಲ ತಿಳಿಸಬೇಕೆಂದು ತಮಗೆ ಗೊತ್ತಾಗಲಿಲ್ಲ ಎಂದ. ನನಗೆ ತಿಳಿಸಬೇಕಿತ್ತೆಂದು ಹೇಳಲು ನಾನು ಅವರಿಗೆ ಯಾರು...

ಮಣ್ಣು ಮಾಡಿದ ಜಾಗ ತೋರಿಸೆಂದು ಕೇಳಿದೆ. ಬೈಕಿನ ಹಿಂದೆ ಕೂರಿಸಿಕೊಂಡು ಊರಾಚೆ ಕರೆದೊಯ್ದ. ದಾರಿಯಲ್ಲಿ ಒಂದು ಮೊಳ ಹೂವು ಕೊಂಡೆ. ಗಂಡ ಹೆಂಡತಿಯನ್ನು ಪಕ್ಕಪಕ್ಕದಲ್ಲೇ ಹೂಳಿದ್ದರು. ಮಳೆಗೆ ಮಣ್ಣು ಕುಸಿದು ಎರಡೂ ನೆಲಕ್ಕೆ ಸಮವಾಗಿ, ಮೇಲೆ ಹುಲ್ಲು ಬೆಳೆದಿತ್ತು.

"ಇದಽ ನೋಡ್ರಿ ವೈನಿದು," ಎಂದ ಮೈದುನ. ಮತ್ತೆ ಆಚೆ ಈಚೆ ನೋಡಿ, "ಇಲ್ಲ... ಇದು ಅಣ್ಣಂದಿರಬೇಕ್ರಿ," ಎಂದ.

ಅವನು ಹೋಗಿ ಬೈಕಿನ ಹತ್ತಿರ ನಿಂತ. ನಾನು ಹೂವನ್ನು ಎರಡರ ನಡುವಿನ ಹುಲ್ಲಿನ ಮೇಲಿಟ್ಟು, ಯಾವ ಕಡೆಗೆ ಕೈಮುಗಿಯಬೇಕೆಂದು ತಿಳಿಯದೆ ಅಲ್ಲೇ ನಿಂತೆ.