ಅರ್ಜಿಗಳಿಗೆ ಗೇಣು ಹಾಕುತ್ತಿದ್ದ ಗೇಣಕ್ಕ

ಕಾಲೇಜಿನ ಅರ್ಜಿ ಕಿಟಕಿಯಲ್ಲಿ ಇಪ್ಪತ್ತಾರು ವರ್ಷ ಕೂತವಳಿಗೆ ಹೆತ್ತವರು ಇಟ್ಟ ಹೆಸರು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಜವಾನನಿಂದ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವಳು ಗೇಣಕ್ಕ. ಬಂದ ಅರ್ಜಿಗಳನ್ನು ವಿಷಯವಾರು ಬೇರ್ಪಡಿಸಿ ಗೋಡೆಯ ಮರದ ಗೂಡುಗಳಲ್ಲಿ ಪೇರಿಸುವುದು ಅವಳ ಕೆಲಸ. ಊಟದ ಬಿಡುವಿನಲ್ಲಿ ಬೆರಳು ಚಾಚಿ ಒಂದೊಂದು ಕಟ್ಟಿಗೂ ಗೇಣು ಹಾಕುವಳು. ಕಂಪ್ಯೂಟರ್ ನಾಲ್ಕು ಗೇಣು, ಗಣಿತ ಎರಡು, ಭೂವಿಜ್ಞಾನ ಅರ್ಧವೂ ಇಲ್ಲ. ಒಬ್ಬರು ಒಂದೇ ವಿಷಯಕ್ಕೆ ಅರ್ಜಿ ಹಾಕಬೇಕೆಂಬ ನಿಯಮವಿದ್ದ ಆ ಕಾಲೇಜಿನಲ್ಲಿ, ಎಲ್ಲಿ ಬರೆದರೆ ಸೀಟು ಸಿಕ್ಕೀತು ಎಂದು ಹೇಳಬಲ್ಲವಳು ಅವಳೊಬ್ಬಳೇ. ಹೇಳಿದ್ದು ಹುಸಿ ಹೋದದ್ದಿಲ್ಲ. ಅದರ ಜಂಬವೂ ಕೊಂಚ ಇತ್ತು ಅನ್ನಿ.

ಆ ವರ್ಷ ಅರ್ಜಿ ಹಾಕುವವಳು ಅವಳ ಮನೆಯಲ್ಲೇ ಇದ್ದಳು. ಅಕ್ಕ ತೀರಿಕೊಂಡ ಮೇಲೆ ಗೇಣಕ್ಕನೇ ಸಾಕಿದ ಅಕ್ಕನ ಮಗಳು. ಭಾಷೆಗಳು ಕೈಕೊಟ್ಟು ಒಟ್ಟು ಎಪ್ಪತ್ತೊಂಬತ್ತು ಪರ್ಸೆಂಟ್ ಬಂದಿತ್ತು. ಹುಡುಗಿಗೋ ಗಣಿತದ ಹುಚ್ಚು. ಇಲ್ಲಿ ಸೀಟು ತಪ್ಪಿದರೆ ಬೇರೆ ಊರಿಗೆ ಕಳಿಸಿ ಓದಿಸುವ ತ್ರಾಣ ಗೇಣಕ್ಕನಿಗಿರಲಿಲ್ಲ. ಭೂವಿಜ್ಞಾನ ಬರಿ, ಕಣ್ಣುಮುಚ್ಚಿಕೊಂಡು ಸಿಗುತ್ತದೆ ಎಂದು ಹದಿನೈದು ದಿನ ಅವಳ ತಲೆ ತಿಂದಳು. ಕೊನೆಗೆ ಹುಡುಗಿ ಅರ್ಜಿ ತುಂಬಿ, ಲಕೋಟೆ ಅಂಟಿಸಿ ಕೈಗಿಟ್ಟಾಗ ಗೆದ್ದೆ ಅಂದುಕೊಂಡು ಚೀಲಕ್ಕೆ ಹಾಕಿಕೊಂಡಳು.

ಕೊನೆಯ ದಿನ ಕಿಟಕಿಯಲ್ಲಿ ಎಂದೂ ಇಲ್ಲದ ನೂಕು, ಉಸಿರಾಡಲೂ ಜಾಗವಿಲ್ಲ. ತಂದೆತಾಯಂದಿರು ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ, ಎಲ್ಲಿ ಜನ ಕಡಿಮೆ ಎಂದು ಕೇಳುವರು. ಕಣ್ಣೀರು ಕಂಡರೆ ಕರಗುವ ಗೇಣಕ್ಕ, ಯಾರಿಗೂ ಹೇಳಬೇಡಿ ಎಂದು ಎಲ್ಲರಿಗೂ ಭೂವಿಜ್ಞಾನ ಎಂದೇ ಪಿಸುಗುಟ್ಟಿದಳು. ಸಂಜೆ ಕಿಟಕಿ ಮುಚ್ಚಿ ತಿರುಗಿದರೆ ಭೂವಿಜ್ಞಾನದ ಕಟ್ಟು ಗೂಡಿನಲ್ಲಿ ಹಿಡಿಸದೆ ಆಚೆ ಬಾಗಿತ್ತು. ಅಳೆಯುವುದಷ್ಟೇ ತನ್ನ ಕೆಲಸ ಅಂದುಕೊಂಡಿದ್ದವಳ ಬಾಯಿಯಿಂದಲೇ ಅದು ಬೆಳೆದುಬಿಟ್ಟಿತ್ತು. ಇನ್ನು ಅಲ್ಲಿ ಹುಡುಗಿಗೆ ಸೀಟೆಲ್ಲಿ? ಚೀಲದಲ್ಲೇ ಉಳಿದಿದ್ದ ಅವಳ ಲಕೋಟೆ ಹರಿದು ನೋಡಿದಳು. ವಿಷಯದ ಜಾಗದಲ್ಲಿ ದಪ್ಪಕ್ಷರದಲ್ಲಿ ‘ಗಣಿತ’ ಎಂದಿತ್ತು. ಬೈದುಕೊಳ್ಳುತ್ತಲೇ ಅದನ್ನು ಗಣಿತದ ಗೂಡಿಗೆ ಸೇರಿಸಿದಳು.

ಮನೆಯಲ್ಲಿ ಕೇಳಿದ್ದಕ್ಕೆ ಹುಡುಗಿ ಒಂದು ನೋಟ್‌ಬುಕ್ ತಂದು ಮುಂದಿಟ್ಟಳು.

"ಗಣಿತ ವಿಭಾಗದವರು ಗಣಿತದ ಅಂಕ ಎರಡು ಸಲ ಕೂಡಿಸ್ತಾರೆ, ಚಿಕ್ಕಮ್ಮ. ಅದರಲ್ಲಿ ನನಗೆ ತೊಂಬತ್ತೆಂಟು. ಕಟ್ಟು ಎಷ್ಟು ಎತ್ತರ ಇದ್ರೆ ನನಗೇನು? ಅದರಲ್ಲಿ ನನಗಿಂತ ಮುಂದೆ ಎಷ್ಟು ಜನ ಇದ್ದಾರೆ, ಅಷ್ಟೇ."

ಐದು ವರ್ಷದ ಆಯ್ಕೆ ಪಟ್ಟಿಗಳನ್ನು ಅವಳು ಬೋರ್ಡಿನ ಮುಂದೆ ನಿಂತು ನಕಲು ಮಾಡಿಕೊಂಡಿದ್ದಳು. ಪ್ರತಿ ವರ್ಷದ ಕೊನೆಯ ಅಂಕಕ್ಕೂ ಕೆಳಗೆ ಗೆರೆ. ಆ ಪಟ್ಟಿಗಳನ್ನು ಬೋರ್ಡಿಗೆ ಅಂಟಿಸಿದ್ದವಳು ಗೇಣಕ್ಕನೇ. ಒಂದನ್ನೂ ಓದಿರಲಿಲ್ಲ. ಹೋಮ್‌ವರ್ಕ್ ಮಾಡು ಎಂದು ತಾನು ಕಿವಿ ಹಿಂಡುತ್ತಿದ್ದ ಕೂಸು ಇದೆಲ್ಲವನ್ನೂ ಯಾವಾಗ ಕಲಿಯಿತು? ಹೊಸಬಳನ್ನು ನೋಡುವಂತೆ ಅವಳನ್ನು ನೋಡುತ್ತ ಕೂತಳು.

ಪಟ್ಟಿ ಬಂತು. ಗಣಿತದ ನಲವತ್ತು ಸೀಟಿನಲ್ಲಿ ಹುಡುಗಿಯದು ಇಪ್ಪತ್ತೇಳನೆಯದು. ಭೂವಿಜ್ಞಾನದಲ್ಲಿ ಕೊನೆಯ ಸೀಟು ಎಂಬತ್ತಮೂರು ಪರ್ಸೆಂಟಿಗೇ ಮುಗಿದಿತ್ತು. ತನ್ನ ಮಾತು ಕೇಳಿದ್ದರೆ ಮಗು ಬೀದಿಪಾಲಾಗುತ್ತಿತ್ತು ಎಂಬುದು ಗೇಣಕ್ಕನಿಗೆ ಹೊಳೆಯಿತು. ಮಾತು ಕೇಳಿದವರು ಅಲ್ಲೇ ನಿಂತಿದ್ದರು. ಮಗನ ಹೆಸರಿಗಾಗಿ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದ ತಾಯಿಯೊಬ್ಬಳು ಅವಳ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಇವನಿಗೆ ಸಸ್ಯಶಾಸ್ತ್ರ ಇಷ್ಟ ಇತ್ತು. ನೀವು ಹೇಳಿದ್ರಿ ಅಂತ ಇದನ್ನ ಬರೆಸಿದೆ."

ಸಸ್ಯಶಾಸ್ತ್ರದಲ್ಲಿ ಎರಡು ಸೀಟು ಹಾಗೇ ಉಳಿದಿದ್ದವು. ತಾನು ಪಿಸುಗುಟ್ಟಿದ ಮಾತಿಗೆ ಇಷ್ಟು ಶಕ್ತಿಯೇ ಎಂದು ಗೇಣಕ್ಕ ಬೆರಗಾಗಿ ನಿಂತಳು, ಹೆದರಿಯೂ ನಿಂತಳು.

"ತಪ್ಪು ನಂದಮ್ಮ," ಎಂದಳು. "ನಿಮ್ಮ ಮಗನಿಗೇನು ಬರುತ್ತೆ ಅಂತ ನಾನು ಕೇಳ್ಲೇ ಇಲ್ಲ."

ಆ ತಾಯಿಯ ಕೈ ಹಿಡಿದುಕೊಂಡು, ಮಗನನ್ನೂ ಕರೆದುಕೊಂಡು, ಇದೇ ಮಾತನ್ನು ಹೇಳಿ ಸಸ್ಯಶಾಸ್ತ್ರದ ಉಳಿದ ಸೀಟೊಂದನ್ನು ಕೇಳಲು ಪ್ರಿನ್ಸಿಪಾಲರ ಕೋಣೆಯ ಮೆಟ್ಟಿಲು ಹತ್ತಿದಳು.