ಟೀ ಅಂಗಡಿಯಲ್ಲಿ ಬಿಟ್ಟ ಉಟ್ರೆಕ್ಟಿನ ರೈಲು

ತೊಂಬತ್ತರ ದಶಕದಲ್ಲಿ ಪಾಂಡವಪುರ ತಾಲ್ಲೂಕಿನಲ್ಲಿ ದನದ ಡಾಕ್ಟರಾಗಿದ್ದ ನನ್ನನ್ನು ಇಲಾಖೆಯವರು ಹಾಲೆಂಡಿನ ಉಟ್ರೆಕ್ಟ್ ಎಂಬ ಊರಿಗೆ ಎರಡು ತಿಂಗಳ ತರಬೇತಿಗೆ ಕಳಿಸಿದರು. ಹೋಗಿ ಬಂದದ್ದಕ್ಕೆ ನಾಚಿಕೆಯಿಲ್ಲ. ಬಂದಮೇಲೆ ಆಡಿದ ಮಾತಿಗೆ ಇವತ್ತಿಗೂ ಮುಖ ಸುಡುತ್ತದೆ.

ಊರು ಚೆಂದ, ಇಲ್ಲ ಅನ್ನಬಾರದು. ಊರ ನಡುವಿನ ಕಾಲುವೆ ನಮ್ಮ ಕಡೆಯ ದೊಡ್ಡ ನಾಲೆಯಷ್ಟೇನೂ ಅಗಲವಿಲ್ಲ. ಅದರ ಎರಡೂ ದಡದಲ್ಲಿ, ನೀರಿನ ಮಟ್ಟಕ್ಕೇ, ಹಳೇ ಕಾಲದ ನೆಲಮಾಳಿಗೆಗಳು. ಹಿಂದೆ ಸರಕು ತುಂಬುತ್ತಿದ್ದಲ್ಲಿ ಈಗ ಹೋಟೆಲು, ಹಾಡು, ಕುಡಿತ. ಒಂದು ಕಡೆ ಭಾರಿ ಗೋಪುರ, ಅದರ ಚರ್ಚು ಇನ್ನೊಂದು ಕಡೆ; ನಡುವಿನ ಭಾಗ ಎಂದೋ ಬಿರುಗಾಳಿಗೆ ಬಿದ್ದುಹೋಯಿತಂತೆ. ಗೋಪುರ ಹತ್ತುವ ಮೊದಲು ನಾನು ಬೂಟು ಬಿಚ್ಚಲು ಹೋದೆ. ಬಾಗಿಲಲ್ಲಿದ್ದ ಮುದುಕ ಗಾಬರಿಯಾಗಿ ತಡೆದ. ಸಂಜೆಯಾದರೆ ಕಾಲೇಜು ಹುಡುಗ ಹುಡುಗಿಯರೆಲ್ಲ ಸೈಕಲ್ ತುಳಿದುಕೊಂಡು ಬಂದು ಆ ನೆಲಮಾಳಿಗೆಗಳಿಗೆ ಇಳಿಯುತ್ತಿದ್ದರು.

ಒಂದು ಸಂಜೆ ಜೊತೆಗಾರರ ಹಿಂದೆ ನಾನೂ ಇಳಿದೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳು ನಗುತ್ತ ನನ್ನ ಮುಂದೆ ಬಿಯರ್ ಗ್ಲಾಸು ತಂದಿಟ್ಟಳು. ನಾನು ಅದನ್ನು ಮುಟ್ಟಲೂ ಇಲ್ಲ. ಹೊಟ್ಟೆನೋವು ಅಂತ ಹೇಳಿ ಎದ್ದು ಬಂದುಬಿಟ್ಟೆ. ಆಮೇಲೆ ದಿನಾ ಸೇತುವೆಯ ಮೇಲೆ ನಿಂತು ಕೆಳಗಿನವರ ನಗು ಕೇಳಿಸಿಕೊಂಡು, ರೂಮಿಗೆ ಹೋಗಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ತಿಂದು ಮಲಗುತ್ತಿದ್ದೆ.

ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಗೆಳೆಯರು ಸುತ್ತುಗಟ್ಟಿದರು. ಗೋಪುರ, ಚರ್ಚು ಯಾವನಿಗೂ ಬೇಡ.

"ಅದೆಲ್ಲ ಬುಡ್ಲಾ ಅತ್ಲಾಗೆ. ರಾತ್ರಿವೊತ್ತು ಏನ್ ಮಾಡ್ತಿದ್ದೆ, ಅದ ಯೋಳು," ಅಂದ ಒಬ್ಬ.

ಉಪ್ಪಿನಕಾಯಿ ಅನ್ನ ತಿನ್ನುತ್ತಿದ್ದೆ ಅನ್ನಲು ಬಾಯಿ ಬರಬೇಕಲ್ಲ! ರೈಲು ಬಿಟ್ಟೆ. ದಿನಾ ಕುಡಿದು ಕುಣಿದೆ ಅಂದೆ. ಗ್ಲಾಸು ತಂದಿಟ್ಟ ಹುಡುಗಿ ನನ್ನನ್ನು ಬಿಟ್ಟಿರಲಾರದೆ ರೂಮಿನವರೆಗೂ ಬರುತ್ತಿದ್ದಳು ಅಂದೆ. ಅವರ ಕಣ್ಣು ಅರಳಿದಷ್ಟೂ ನಾನು ಉಬ್ಬಿಹೋದೆ.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹುಡುಗನ ಗುಣ ವಿಚಾರಿಸುವುದು ಅವನ ಮನೆಯಲ್ಲಲ್ಲ. ಟೀ ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ. ನನ್ನ ತಂಗಿಯ ಗಂಡನನ್ನು ನಾವು ಆರಿಸಿದ್ದೂ ಹಾಗೆಯೇ. ನಾನು ಹಾಲೆಂಡಿನಿಂದ ಬಂದ ಹೊತ್ತಿಗೆ ನನಗೆ ನಾಗಮಂಗಲದ ಕಡೆಯ ಒಂದು ಹೆಣ್ಣಿನ ಮಾತು ನಡೆದಿತ್ತು. ಬಿ.ಎ. ಓದಿದವಳು. ನೋಡಿಬಂದ ದಿನದಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಅವತ್ತು ಪಕ್ಕದ ಬೆಂಚಿನಲ್ಲಿ ಟೀಗೆ ಬನ್ನು ಅದ್ದಿ ತಿನ್ನುತ್ತಿದ್ದವರು ನನ್ನನ್ನು ವಿಚಾರಿಸಲು ಬಂದ ಅವಳ ಸೋದರಮಾವ ಅಂತ ಆಮೇಲೆ ಗೊತ್ತಾಯಿತು. ಥೂ, ನನ್ನ ಜನ್ಮಕ್ಕಿಷ್ಟು!

ವಾರದೊಳಗೆ ಈ ಸಂಬಂಧ ಬೇಡವೆಂದು ಹೇಳಿಕಳಿಸಿದರು. ಅಪ್ಪನನ್ನು ಕರೆದುಕೊಂಡು ನಾಗಮಂಗಲಕ್ಕೆ ಓಡಿದೆ. ಅವರ ಪಡಸಾಲೆಯಲ್ಲಿ, ಅವಳ ತಂದೆ ಮತ್ತು ಆ ಮಾವನ ಮುಂದೆ, ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ: ಮುಟ್ಟದ ಬಿಯರು, ಸುಳ್ಳು ಹೊಟ್ಟೆನೋವು, ಸೇತುವೆ, ಉಪ್ಪಿನಕಾಯಿ. ಗ್ಲಾಸು ತಂದಿಟ್ಟ ಹುಡುಗಿ ಒಮ್ಮೆ ನಕ್ಕದ್ದು ಬಿಟ್ಟರೆ ಮತ್ತೆ ಕಣ್ಣಿಗೂ ಬೀಳಲಿಲ್ಲ ಅಂದೆ. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂದೆಯ ಮುಖವೂ ಸಡಿಲವಾಯಿತು.

"ಉಡ್ಗ ಒಳ್ಳೇವ್ನೆಯಾ ಕಣಯ್ಯ," ಅಂದರು ಮಾವನ ಕಡೆ ತಿರುಗಿ.

ಸದ್ಯ, ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳು ತಂದೆಯ ಕಡೆ ನೋಡಿಕೊಂಡು ಮಾತಾಡಿದಳು.

"ಕುಡ್ದು ಬಂದು, ತಪ್ಪಾಯ್ತು ಅಂದಿದ್ರೆ ಒಪ್ಕೋತಿದ್ದೆ ಕಣಪ್ಪ. ನಗ್ತಾ ಗ್ಲಾಸ್ ತಂದ್ಕೊಟ್ಟೋಳ ಮೇಲೆ ಇಂಗೆ ಇಲ್ದಿದ್ದೆಲ್ಲ ಯೋಳವ್ರೆ. ನಾಳೆ ಅದೇ ಅಂಗ್ಡೀಲಿ ಕುಂತ್ಕಂಡು ನನ್ ಮೇಲೆ ಏನ್ ಯೋಳ್ತಾರೋ."

ಮಾವನ ನಗು ನಿಂತಿತು. ನನ್ನಪ್ಪ ಎದ್ದು, ಮಗಳ ವಯಸ್ಸಿನ ಅವಳಿಗೆ ಕೈಮುಗಿದು, ನನ್ನ ಕಡೆ ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿಕೊಂಡರು.